ಸರ್ಕಾರ ಹೊತ್ತ ಬುಟ್ಟಿ

ಸರ್ಕಾರಕ್ಕೆ ಕರುಣೆ ಬರುವುದು ಅಪರೂಪ. ಬಂದರೆ ಮೋಟಾರಿನಲ್ಲೇ ಬರುತ್ತದೆ. ಮೂವತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಅದು ಹೊಸಪೇಟೆಯಿಂದ ಕಂಪ್ಲಿಗೆ ಧೂಳೆಬ್ಬಿಸಿಕೊಂಡು ಬಂತು. ಹಿಂದಿನ ಸೀಟಿನಲ್ಲಿ ಡೆಪ್ಟಿ ಕಲೆಕ್ಟರ್ ಸಾಹೇಬ, ಅವನ ಹೆಂಡತಿ, ಹೆಂಡತಿಯ ತಮ್ಮ, ಕಾಲ ಬುಡದಲ್ಲಿ ಒಂದು ದೊಡ್ಡ ಟಿಫಿನ್ ಕ್ಯಾರಿಯರು. ಬೆಳಿಗ್ಗೆಯೆಲ್ಲ ಹಂಪಿ ನೋಡಿ ಬಂದಿದ್ದರು. ಭಾವಮೈದುನನಿಗೆ ಹಂಪಿ ತೋರಿಸುವ ದಿನವೂ ಕಂಪ್ಲಿಯ ಜನರ ಕಷ್ಟ ನಿವಾರಿಸುವ ದಿನವೂ ಒಂದೇ ಆಗಿದ್ದರಿಂದ ಪೆಟ್ರೋಲು ಸರ್ಕಾರದ ಲೆಕ್ಕಕ್ಕೆ ಹೋಯಿತು.

ಕಷ್ಟವೇನೋ ಇತ್ತು. ಅಮೆರಿಕದಲ್ಲಿ ಎಲ್ಲೋ ಏನೋ ಕುಸಿದುಬಿದ್ದು, ಕಂಪ್ಲಿಯಲ್ಲಿ ಭತ್ತವನ್ನೂ ಬೆಲ್ಲವನ್ನೂ ಕೇಳುವವರಿಲ್ಲದ ಹಾಗಾಗಿತ್ತು. ಮನೆಯಲ್ಲಿ ಕಾಳಿತ್ತು, ಕೈಯಲ್ಲಿ ಕಾಸಿರಲಿಲ್ಲ. ಉಪ್ಪು ಬೇಕೆಂದು ಭತ್ತ ಕಟ್ಟಿಕೊಂಡು ಹೋದವರನ್ನು ಕಂಡರೆ ಅಂಗಡಿಯ ಕೊಟ್ರಯ್ಯ, ಹೆಣ ಹೊತ್ತು ತಂದವರನ್ನು ನೋಡಿದಂತೆ ಮುಖ ಮಾಡುತ್ತಿದ್ದ.

ಅಕ್ಕಿ ಗಿರಣಿಯ ಜಡೆಪ್ಪ ಸಾವ್ಕಾರ ತನ್ನ ಅಂಗಳದಲ್ಲಿ ಚಪ್ಪರ ಹಾಕಿಸಿದ್ದ. ಸಾಹೇಬ ಎದ್ದು ನಿಂತ. ಇಲಾಖೆಯ ಪರೀಕ್ಷೆ ಪಾಸು ಮಾಡಲು ಅವನು ಕನ್ನಡ ಕಲಿತಿದ್ದ. ಪರೀಕ್ಷೆಯಾಚೆ ಆ ಕನ್ನಡವನ್ನು ಯಾರಾದರೂ ಆಡುತ್ತಾರೋ ಇಲ್ಲವೋ ಎಂಬ ಚಿಂತೆ ಅವನಿಗಿರಲಿಲ್ಲ.

“ಮಹಾಜನಗಳೇ, ಹಣವು ನಿಲ್ಲಬಾರದು. ಚಲಿಸಬೇಕು. ಆದುದರಿಂದ ಈ ವರ್ಷ ನಿಮ್ಮ ಕಾಲುವೆಯ ಹೂಳನ್ನು ಸರ್ಕಾರವು ಕೂಲಿ ಕೊಟ್ಟು ತೆಗೆಸುವುದು. ಆ ಕೂಲಿಯಿಂದ ನೀವು ಬಟ್ಟೆ ಕೊಳ್ಳುವಿರಿ. ಬಟ್ಟೆಯವನು ಅಕ್ಕಿ ಕೊಳ್ಳುವನು. ಅಕ್ಕಿಯವರು ಭತ್ತ ಕೊಳ್ಳುವರು. ಭತ್ತ ಯಾರದು? ನಿಮ್ಮದೇ!” ಎಂದು ಕೈಯಲ್ಲಿದ್ದ ಬೆತ್ತದಿಂದ ಮಣ್ಣಿನ ಮೇಲೆ ಒಂದು ವೃತ್ತ ಎಳೆದ. ಕೋಳಿಯೊಂದು ಬಂದು ವೃತ್ತದ ನಡುವೆ ಕೆದರತೊಡಗಿತು. ಭಾವಮೈದುನ ನಕ್ಕ.

ಹೆಂಗಸರು ಕೂತಿದ್ದ ಕಡೆಯಿಂದ ಒಂದು ದನಿ ಬಂತು. “ಸರ್ಕಾರ ಯಾವೂರಾಗ ಗದ್ದಿ ಮಾಡೈತ್ರೀ, ಇಷ್ಟು ರೊಕ್ಕ ಬರಾಕ?”

ಕೇಳಿದವಳು ಎಲ್ಲಮ್ಮ. ಜಡೆಪ್ಪನ ಗದ್ದೆಯನ್ನು ಅರ್ಧ ಪಾಲಿಗೆ ಮಾಡುತ್ತಿದ್ದ ಓಬಳೇಶನ ಹೆಂಡತಿ.

“ಲೇ ಓಬಳೇಶ, ನಿನ್ನ ಹೇಣ್ತಿನ್ನ ಸುಮ್ನ ಕುಂದ್ರಸಲೇ,” ಎಂದ ಜಡೆಪ್ಪ.

“ನನ್ನ ಮಾತು ಕೇಳ್ತಾಳೇನ್ರೀ ಸಾವ್ಕಾರ್ರ? ನೀವ ಕುಂದ್ರಸ್ರಿ,” ಎಂದ ಓಬಳೇಶ. ಚಪ್ಪರದ ತುಂಬ ನಗೆ ಎದ್ದಿತು. ಆ ನಗೆಯಲ್ಲಿ ಎಲ್ಲಮ್ಮನ ಪ್ರಶ್ನೆ ಸತ್ತುಹೋಯಿತು. ಪ್ರಶ್ನೆ ಸಾಯಿಸುವುದಕ್ಕೆ ಕಂಪ್ಲಿಯಲ್ಲಿ ಯಾವತ್ತೂ ಇಷ್ಟೇ ಸಾಕಾಗುತ್ತಿತ್ತು.

ಕಾಲುವೆ ಹಂಪಿಯ ರಾಯರ ಕಾಲದ್ದು. ಅದರ ಹೂಳು ತೆಗೆಯುವುದಕ್ಕೆ ಅಲ್ಲಿಯವರೆಗೆ ಯಾರೂ ಕೂಲಿ ಕೊಟ್ಟಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಬೇಸಿಗೆಯಲ್ಲಿ ನೀರು ನಿಲ್ಲಿಸಿದ ಮೇಲೆ ಮನೆಗೊಂದಾಳು ಕಾಲುವೆಗೆ ಇಳಿಯಬೇಕು. ಇಳಿಯದ ಮನೆಗೆ ನೀರಿಲ್ಲ. ಇನ್ನೊಂದು ಕಟ್ಟಳೆ ಇತ್ತು. ಎಲ್ಲರಿಗಿಂತ ಹೆಚ್ಚು ಗದ್ದೆ ಇದ್ದವನು ಹೂಳಿನ ಮೊದಲ ಬುಟ್ಟಿಯನ್ನು ತನ್ನ ತಲೆಯ ಮೇಲೇ ಹೊತ್ತು ದಂಡೆ ಹತ್ತಬೇಕು. ಹೊತ್ತವನು ಆ ವರ್ಷ ನೀರಿನ ಯಜಮಾನ. ಯಜಮಾನ ಅಂದರೆ ಮೆರೆಯುವವನಲ್ಲ. ಕಾಲುವೆಗೆ ಮತ್ತೆ ನೀರು ಬಿಟ್ಟಾಗ ಅವನು ಕಟ್ಟಕಡೆಯ ಗದ್ದೆಯ ಬದುವಿನ ಮೇಲೆ ಹೋಗಿ ನಿಲ್ಲಬೇಕು. ಆ ಗದ್ದೆ ತೊಯ್ಯುವವರೆಗೂ ಅವನ ಸ್ವಂತ ಗದ್ದೆಯ ತೂಬು ತೆರೆಯುವ ಹಾಗಿಲ್ಲ.

ಹೆಚ್ಚು ಗದ್ದೆ ಇದ್ದವನು ಜಡೆಪ್ಪ. ಅವನು ವರ್ಷವರ್ಷವೂ ಬುಟ್ಟಿ ಹೊತ್ತ. ಅದನ್ನು ತುಂಬಿಕೊಡುವ ಹಕ್ಕು ಓಬಳೇಶನ ಮನೆತನದ್ದು. ಎಲ್ಲಿ ಕೆಸರು ಹೆಚ್ಚು ನಾರುತ್ತದೋ ಅಲ್ಲಿಂದ ತೋಡಿ, ಬುಟ್ಟಿಯ ಸಂದಿಯಿಂದ ಸೋರುವ ಹಾಗೆ ತುಂಬಿ, “ಎತ್ರಿ ಸಾವ್ಕಾರ್ರ, ಹಗುರ ಐತಿ,” ಎನ್ನುತ್ತಿದ್ದ. ಜಡೆಪ್ಪನ ರೇಷ್ಮೆ ರುಮಾಲಿನಿಂದ ಕಪ್ಪು ನೀರು ಮೀಸೆಗೆ ಇಳಿಯುವುದನ್ನು ನೋಡಲು ಕಾಲುವೆಯ ಎರಡೂ ದಂಡೆಗೆ ಜನ ಸೇರುತ್ತಿದ್ದರು. ಆ ಒಂದು ಘಳಿಗೆಯ ನಗೆಗಾಗಿ ಇಡೀ ವರ್ಷ ಅವನ ಮುಂದೆ ಕೈಕಟ್ಟಿ ನಿಲ್ಲಲು ಅವರಿಗೆ ಬೇಸರವಿರಲಿಲ್ಲ. ಇಂಥ ಜನ ಅಗ್ಗಕ್ಕೆ ಸಿಗುತ್ತಾರೆ.

ಕಟ್ಟಕಡೆಯ ಗದ್ದೆ ಓಬಳೇಶ ಮಾಡುವ ಗದ್ದೆ. ಅದೂ ಜಡೆಪ್ಪನದೇ. ಓಬಳೇಶನ ಅಪ್ಪನೂ ಅದನ್ನೇ ಪಾಲಿಗೆ ಮಾಡಿದ್ದ. ಅದರ ಒಂದೊಂದು ಬದುವನ್ನೂ ಅಪ್ಪ ಮಗ ಸೇರಿ ಕಟ್ಟಿದ್ದರು. ಪಟ್ಟಾ ಮಾತ್ರ ಜಡೆಪ್ಪನ ಹೆಸರಿನಲ್ಲಿತ್ತು. ನೀರು ಬಂದರೆ ಗದ್ದೆ, ಬಾರದಿದ್ದರೆ ಉಪ್ಪು ಹತ್ತಿದ ಸೌಳು ನೆಲ. ಓಬಳೇಶನಿಗೆ ಲೋಕದಲ್ಲಿ ಇದ್ದ ಆಸೆ ಒಂದೇ: ಆ ಗದ್ದೆ ತನ್ನ ಕೈ ತಪ್ಪಬಾರದು, ಅದಕ್ಕೆ ನೀರು ತಪ್ಪಬಾರದು. ಆದರೆ ಜಡೆಪ್ಪ ಬದುವಿನ ಮೇಲೆ ಕೊಡೆ ಹಿಡಿದು ಕೂತಿರುವಾಗಲೇ, ಕಾಲುವೆಯ ಮೇಲ್ತುದಿಯಲ್ಲಿ ಅವನ ಆಳು ಅವನ ತೂಬಿನ ಹಲಗೆಯನ್ನು ಇಷ್ಟೇ ಇಷ್ಟು ಎತ್ತಿರುತ್ತಿದ್ದ. ಓಬಳೇಶನ ಗದ್ದೆಗೆ ಹೋಗುವಷ್ಟರಲ್ಲಿ ನೀರು ನೆಲ ನೆಕ್ಕುತ್ತಾ ಬರುತ್ತಿತ್ತು.

ಸಾಹೇಬನ ಭಾಷಣ ಕೇಳಿ ಬಂದ ಓಬಳೇಶನಿಗೆ ಊಟ ಸೇರಲಿಲ್ಲ. ತಟ್ಟೆಯ ಮುಂದೆ ಕೂತು ತನ್ನಷ್ಟಕ್ಕೆ ನಗುತ್ತಿದ್ದ.

“ಏನ್ ಹಲ್ಲು ಕಿಸಿತೀ?” ಎಂದಳು ಎಲ್ಲಮ್ಮ.

“ಈ ಸಲ ಬುಟ್ಟಿ ಸರ್ಕಾರದ ತೆಲಿ ಮ್ಯಾಲ ಹೊರಸ್ತೀನಿ.”

“ಹೊರಸಿದ್ರ?”

“ಹುಚ್ಚಿ, ಬುಟ್ಟಿ ಹೊತ್ತಾವ ನೀರಿನ ಯಜಮಾನ. ಕಡೀ ಗದ್ದಿ ತೊಯ್ಯೋತನ ಅವನ ಮ್ಯಾಲ ಹೊಣಿ. ಜಡೆಪ್ಪಗ ಆದ್ರ ಮೋಸ ಮಾಡಾಕ ಸ್ವಂತ ಗದ್ದಿ ಅದಾವ. ಸರ್ಕಾರಕ್ಕ ಇಲ್ಲೇನೈತಿ? ನೀರು ಸೀದಾ ನಮ್ಮ ಗದ್ದಿಗೇ.”

“ಸರ್ಕಾರಕ್ಕ ನಮ್ಮ ಕಟ್ಟಳಿ ಯಾರು ಹೇಳ್ಯಾರ?”

“ಹೇಳೋದ್ಯಾಕ? ಹೊತ್ತ ಮ್ಯಾಲ ಹೊತ್ತಂಗ.”

ಎಲ್ಲಮ್ಮ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಎಸೆದಳು. “ತಿನ್ನು. ಹೊಟ್ಟಿ ಖಾಲಿ ಇದ್ದಾಗ ನಿನಗ ಭಾಳ ಬುದ್ಧಿ ಬರತೈತಿ.”

ಮರುದಿನ ಓಬಳೇಶ ಗಿರಣಿಗೆ ಹೋಗಿ, ಮೊದಲ ಬುಟ್ಟಿಯ ಮರ್ಯಾದೆಯನ್ನು ಈ ವರ್ಷ ಸಾಹೇಬರಿಗೆ ಕೊಡಬೇಕೆಂದು ಊರಿನವರ ಆಸೆ ಎಂದು ಹೇಳಿದ. ಊರಿನವರನ್ನು ಅವನು ಕೇಳಿರಲಿಲ್ಲ. ಜಡೆಪ್ಪ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಬುಟ್ಟಿ ತಪ್ಪುತ್ತದೆ, ರುಮಾಲು ಉಳಿಯುತ್ತದೆ, ತೂಬು ತನ್ನ ಇಷ್ಟದ ಹಾಗೆ ತೆರೆಯಬಹುದು, ಮೇಲಾಗಿ ಸಾಹೇಬನ ಕಣ್ಣಿಗೆ ಬಿದ್ದ ಹಾಗೂ ಆಗುತ್ತದೆ; ಅವನು ಸರ್ಕಾರದಿಂದ ರಾವ್ ಸಾಹೇಬ ಎಂಬ ಬಿರುದು ಪಡೆಯಲು ಮೂರು ಕಲೆಕ್ಟರರಿಗೆ ಬಾಳೆಗೊನೆ ಕಳಿಸಿ ಸೋತಿದ್ದ.

“ಊರಿನವ್ರ ಆಸೆ ಅಂದ ಮ್ಯಾಲ ನಾ ಬ್ಯಾಡ ಅನ್ನಾಕ ಬರತೈತೇನಲೇ?” ಎಂದು ಅವನು ದೊಡ್ಡ ತ್ಯಾಗ ಮಾಡಿದವನಂತೆ ನಿಟ್ಟುಸಿರು ಬಿಟ್ಟ. ಇಬ್ಬರೂ ಒಬ್ಬರಿಗೊಬ್ಬರು ಮೋಸ ಮಾಡಿದ ಸಂತೋಷದಲ್ಲಿ ಬೇರೆಯಾದರು.

ಬುಟ್ಟಿ ಹೊರುವ ದಿನ ಸಾಹೇಬ ಮತ್ತೆ ಸಂಸಾರ ಸಮೇತ ಬಂದ. ಓಬಳೇಶ ಬುಟ್ಟಿಗೆ ಅರಿಶಿನ ಕುಂಕುಮ ಹಚ್ಚಿದ್ದ. ಕೆಸರು ತುಂಬಲಿಲ್ಲ; ಹೊಳೆಯ ಒಣ ಮರಳನ್ನು ಜರಡಿ ಹಿಡಿದು, ಮೇಲೆ ಮಲ್ಲಿಗೆ ಉದುರಿಸಿದ್ದ. ಅಜ್ಜನ ಕಾಲದಿಂದ ಬಂದ ಹಕ್ಕನ್ನು ಇಷ್ಟು ನಾಜೂಕಾಗಿ ಯಾರೂ ಒಪ್ಪಿಸಿರಲಿಕ್ಕಿಲ್ಲ. ಸಾಹೇಬ ಅದನ್ನು ಮುಟ್ಟಿ ನಮಸ್ಕಾರ ಮಾಡಿ ಬಿಡಲು ಹೋದ.

“ಮುಟ್ಟಿದ್ರ ಆಗಂಗಿಲ್ರಿ,” ಎಂದ ಓಬಳೇಶ. “ತೆಲಿ ಮ್ಯಾಲ ಹೊರಬೇಕ್ರಿ.”

ಸಾಹೇಬ ಟೋಪಿ ತೆಗೆದು ಹೆಂಡತಿಯ ಕೈಗೆ ಕೊಟ್ಟ. ಬುಟ್ಟಿ ತಲೆಯೇರಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಭಾವಮೈದುನ ಕ್ಯಾಮರಾದಲ್ಲಿ ಪಟ ಹಿಡಿದ, ಜಡೆಪ್ಪ ಜೈಕಾರ ಹಾಕಿಸಿದ. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಓಬಳೇಶ. ಸರ್ಕಾರವನ್ನು ಕಟ್ಟಿಹಾಕಿದ್ದೇನೆ ಎಂದು ಅವನು ನಿಜವಾಗಿ ನಂಬಿದ್ದ.

ಆಮೇಲೆ ಕೆಲಸ ಶುರುವಾಯಿತು. ಮನೆಗೊಂದಾಳು ಇಳಿಯುತ್ತಿದ್ದ ಕಾಲುವೆಗೆ ಈಗ ಮನೆಮಂದಿಯೆಲ್ಲ ಇಳಿದರು. ಇಳಿದವರು ಅಗೆಯಲು ಅವಸರ ಮಾಡಲಿಲ್ಲ. ದಿನಗೂಲಿ, ಬೇಗ ಮುಗಿಸಿದರೆ ನಷ್ಟ. ತಮ್ಮದೇ ಗದ್ದೆಗೆ ನೀರು ತರುವ ಕಾಲುವೆಯಲ್ಲಿ ಗುದ್ದಲಿ ಊರಿ ಬೀಡಿ ಸೇದುತ್ತಾ ಸರ್ಕಾರವನ್ನು ಹೇಗೆ ಬೋಳಿಸುತ್ತಿದ್ದೇವೆ ನೋಡು ಎಂದು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಮೋಡ ಕಟ್ಟಿದಾಗ ಕೆಲಸ ಮುಕ್ಕಾಲೂ ಆಗಿರಲಿಲ್ಲ. ಉಳಿದ ಹೂಳು ಕೆಳಗಿನ ತುದಿಯಲ್ಲಿ, ಓಬಳೇಶನ ಗದ್ದೆಯ ಕಡೆ.

ಕೂಲಿ ಕೈಗೆ ಬಂದದ್ದು ಸುಳ್ಳಲ್ಲ. ಕೊಟ್ರಯ್ಯನ ಅಂಗಡಿಯಲ್ಲಿ ಒಂದೇ ವಾರದಲ್ಲಿ ಜಪಾನಿನ ಬಟ್ಟೆ, ಗಾಜಿನ ಬಳೆ, ಘಮಘಮ ಸಾಬೂನು, ಎಲ್ಲ ಬಂದವು. ಎಲ್ಲಕ್ಕೂ ಬೆಲೆ ಏರಿತ್ತು. ಉಪ್ಪಿಗೂ ಏರಿತ್ತು. “ಊರಾಗ ರೊಕ್ಕ ಓಡಾಡಾಕತ್ತೈತಲ್ಲಪಾ, ಅದಕ್ಕ,” ಎನ್ನುತ್ತಿದ್ದ ಕೊಟ್ರಯ್ಯ. ಓಬಳೇಶ ತನಗೊಂದು ಕರೀ ಕೊಡೆ ಕೊಂಡ. ಕೊಟ್ರಯ್ಯನಿಗೆ ಬಂದದ್ದು ಹಳೆ ಬಾಕಿಗೆಂದು ಜಡೆಪ್ಪನಿಗೆ ಹೋಯಿತು. ಸಾಹೇಬ ಬೆತ್ತದಿಂದ ಗೀಚಿದ್ದು ಸುಳ್ಳಾಗಲಿಲ್ಲ, ಹಣ ನಿಜವಾಗಿಯೂ ತಿರುಗಿತು. ಗಿರಣಿಯ ಬಾಗಿಲವರೆಗೆ ತಿರುಗಿ, ಒಳಗೆ ಹೋಗಿ, ಕದ ಹಾಕಿಕೊಂಡಿತು.

ಕಾಲುವೆಗೆ ನೀರು ಬಿಟ್ಟ ದಿನ ಓಬಳೇಶ ಹೊಸ ಕೊಡೆ ಬಿಚ್ಚಿಕೊಂಡು ತನ್ನ ಬದುವಿನ ಮೇಲೆ ಕೂತ. ಸಂಜೆಯವರೆಗೆ ಕೂತ. ನೀರು ಬರಲಿಲ್ಲ. ಮರುದಿನವೂ ಬರಲಿಲ್ಲ. ಎದ್ದು ಕಾಲುವೆಯ ಗುಂಟ ಮೇಲಕ್ಕೆ ನಡೆದ. ಜಡೆಪ್ಪನ ತೂಬುಗಳೆಲ್ಲ ಬಾಯಿ ತೆರೆದಿದ್ದವು. ಅವನ ಗದ್ದೆಗಳಲ್ಲಿ ಕೊಕ್ಕರೆ ಇಳಿದಿದ್ದವು. ಜಡೆಪ್ಪ ಅಲ್ಲೇ ಬೇವಿನ ಗಿಡದ ಕೆಳಗೆ ಎಲೆ ಅಡಿಕೆ ಹಾಕುತ್ತಿದ್ದ.

“ಸಾವ್ಕಾರ್ರ, ಕಡೀ ಗದ್ದಿ ಇನ್ನಾ ತೊಯ್ದಿಲ್ರಿ.”

“ಹೌದೇನು?”

“ತೊಯ್ಯೋತನ ನಿಮ್ಮ ತೂಬು ತೆಗ್ಯಂಗಿಲ್ಲಲ್ರಿ.”

“ಬುಟ್ಟಿ ಹೊತ್ತಾವಂದು ಆ ಮಾತು. ಈ ವರ್ಷ ನಾ ಹೊತ್ತೀನೇನಲೇ? ಹೊತ್ತಾವ್ನ ಹೋಗಿ ಕೇಳು. ನೀನ ಹೊರಸೀದಿ, ಮಲ್ಲಿಗಿ ಹೂವು ಹಾಕಿ.”

ಸುತ್ತಲಿದ್ದ ಆಳುಗಳು ನಕ್ಕರು. ಅವರಲ್ಲಿ ಅರ್ಧ ಜನ ಹೋದ ವರ್ಷ ದಂಡೆಯ ಮೇಲೆ ನಿಂತು ಜಡೆಪ್ಪನನ್ನು ನೋಡಿ ನಕ್ಕವರೇ.

ಓಬಳೇಶ ಕೇಳಲು ಹೋದ. ಎಲ್ಲಮ್ಮ ರೊಟ್ಟಿ ಬುತ್ತಿ ಕಟ್ಟಿಕೊಟ್ಟಳು. ಕಮಲಾಪುರದ ದಾರಿ ಹಿಡಿದು ಅವನು ಹೊಸಪೇಟೆ ಸೇರಿ, ಕಚೇರಿಯ ಜಗುಲಿಯಲ್ಲಿ ಹೊತ್ತು ಇಳಿಯುವವರೆಗೆ ಕಾದ. ಸಾಹೇಬ ಹೊರಗೆ ಬಂದವನು ಗುರುತು ಹಿಡಿದ. ಬುಟ್ಟಿಯ ಪಟ ಆಗಲೇ ಚೌಕಟ್ಟು ಹಾಕಿಸಿಕೊಂಡು ಅವನ ಬೈಠಕ್ಕಿನ ಗೋಡೆ ಸೇರಿತ್ತು. ಪಟದ ಅಂಚಿನಲ್ಲಿ ಓಬಳೇಶನ ಒಂದು ಕೈಯೂ ಇತ್ತು.

“ಏನಪ್ಪಾ ವಿಶೇಷ?”

“ತಾವು ಬರಬೇಕ್ರಿ. ನಮ್ಮ ಗದ್ದಿ ಬದುವಿನ ಮ್ಯಾಲ ನಿಂದರಬೇಕ್ರಿ.”

“ನಾನೇ? ಏತಕ್ಕೆ?”

“ಬುಟ್ಟಿ ಹೊತ್ತೀರಲ್ರಿ. ಈ ವರ್ಷ ನೀರಿನ ಯಜಮಾನ್ರು ನೀವ. ಕಡೀ ಗದ್ದಿ ತೊಯ್ಯೋತನ ಹೊಣಿ ನಿಮ್ದು.”

ಸಾಹೇಬನಿಗೆ ಮೊದಲು ಅರ್ಥವಾಗಲಿಲ್ಲ. ಓಬಳೇಶ ಕಟ್ಟಳೆಯನ್ನೆಲ್ಲ ಬಿಡಿಸಿ ಹೇಳಿದ. ಅರ್ಥವಾದಾಗ ಸಾಹೇಬನ ಮುಖ ಅರಳಿತು. ಒಳಗಿದ್ದ ಭಾವಮೈದುನನನ್ನು ಕೂಗಿ ಕರೆದು ಓಬಳೇಶನಿಂದ ಇನ್ನೊಮ್ಮೆ ಹೇಳಿಸಿದ. “ಎಂತಹ ರಮ್ಯವಾದ ಪದ್ಧತಿ!” ಎಂದ. ಆಮೇಲೆ ತಟ್ಟನೆ ಅವನ ಕಣ್ಣು ಕಿರಿದಾಯಿತು.

“ಹಾಗಾದರೆ ಕಾಲುವೆಯ ಹೊಣೆ ಇನ್ನು ಸರ್ಕಾರದ್ದು ಎಂದು ರೈತರೇ ಒಪ್ಪಿರುವಿರಿ?”

“ಒಪ್ಪೋದೇನ್ ಬಂತ್ರೀ, ಬುಟ್ಟಿ ತುಂಬಿದಾವ ನಾನ!” ಎಂದು ಓಬಳೇಶ ಎದೆ ತಟ್ಟಿಕೊಂಡ.

“ನೀರು ಹಂಚಲು ಸರ್ಕಾರದ ಆಳು ಇರಬೇಕೆಂದು ನಿಮ್ಮ ಕೋರಿಕೆ?”

“ಹೌದ್ರಿ ಮತ್ತ. ನೀವು ಬರಾಕ ಆಗ್ಲಿಲ್ಲಂದ್ರ ಆಳು ಬರಲಿ.”

“ಬರುವನು,” ಎಂದ ಸಾಹೇಬ. ಅವನಿಗೆ ಬಹಳ ದಿನದಿಂದ ಬೇಕಾಗಿದ್ದ ಮಾತು ತಾನಾಗಿಯೇ ರೊಟ್ಟಿ ಬುತ್ತಿ ಕಟ್ಟಿಕೊಂಡು ನಡೆದು ಬಂದಿತ್ತು. ಓಬಳೇಶನಿಗೆ ಕುಡಿಯಲು ನೀರು ಕೊಡಿಸಿದ.

ಹದಿನೈದು ದಿನದೊಳಗೆ ನೀರು ಮೇಸ್ತ್ರಿ ಚನ್ನಯ್ಯ ಬಂದ. ಖಾಕಿ ಕೋಟು, ಕೈಯಲ್ಲಿ ತೂಬುಗಳ ಬೀಗದ ಕೈ. ಅವನ ಊಟ ಜಡೆಪ್ಪನ ಮನೆಯಲ್ಲಿ, ನಿದ್ದೆ ಜಡೆಪ್ಪನ ಗಿರಣಿಯ ಜಗುಲಿಯಲ್ಲಿ. ಆದರೂ ಕೆಲಸದವನೆಂದು ತೋರಿಸಬೇಕಲ್ಲ. ಜಡೆಪ್ಪನ ಗದ್ದೆ ಕುಡಿದು ಮಿಕ್ಕ ಮೇಲೆ ಕೆಳಗಿನವರಿಗೂ ಬಿಡುತ್ತಿದ್ದ. ಓಬಳೇಶನ ಗದ್ದೆ ತಡವಾಗಿ ನಾಟಿಯಾಯಿತು. ತಡವಾದರೂ ಪೈರು ಎದ್ದಿತು. “ನೋಡಿದೇನು?” ಎಂದು ಅವನು ಎಲ್ಲಮ್ಮನಿಗೆ ದಿನಕ್ಕೊಮ್ಮೆ ಕೇಳುತ್ತಿದ್ದ. “ನೋಡಾಕತ್ತೀನಿ,” ಎನ್ನುತ್ತಿದ್ದಳು ಅವಳು.

ಪೈರು ಹೊಡೆ ಬಿಚ್ಚಿ ತೆನೆ ಬಿಡುವ ಹೊತ್ತಿಗೆ ಊರಲ್ಲಿ ಡಂಗುರ ಸಾರಿದರು. ಕಾಲುವೆ ಇನ್ನು ಮುಂದೆ ಸರ್ಕಾರದ್ದು. ಹೂಳು ತೆಗೆಸಿದ ಖರ್ಚು, ಮೇಸ್ತ್ರಿಯ ಸಂಬಳ, ಮುಂದೆ ಆಗಲಿರುವ ಖರ್ಚು, ಎಲ್ಲವೂ ಸೇರಿ, ಈ ನೀರು ಕುಡಿದ ಎಲ್ಲ ಗದ್ದೆಗೂ ಎಕರೆಯ ಮೇಲೆ ಹೊಸ ತೆರಿಗೆ. ಕಾಳಿನಲ್ಲಲ್ಲ, ನಗದು.

ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಬೇಸಿಗೆಯಲ್ಲಿ ಬೀಡಿ ಸೇದುತ್ತಾ ಸರ್ಕಾರವನ್ನು ಬೋಳಿಸಿದವರು ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಕೂಲಿ ಕೊಟ್ಟದ್ದು ಒಂದು ಬೇಸಿಗೆಗೆ, ತೆರಿಗೆ ವರ್ಷವರ್ಷಕ್ಕೆ. ಕೆಲವರು ಮೇಸ್ತ್ರಿಯ ಹತ್ತಿರ ಹೋಗಿ, “ಕೂಲಿ ಬ್ಯಾಡ, ತೆರಿಗೀನೂ ಬ್ಯಾಡ, ಮೊದಲಿನಂಗ ಮನಿಗೊಂದಾಳು ಇಳಿತೀವಿ,” ಎಂದರು.

“ಇಳಿರಿ ನೋಡೂಣು,” ಎಂದ ಚನ್ನಯ್ಯ. “ಸರ್ಕಾರದ ಕಾಲುವಿಗೆ ಗುದ್ದಲಿ ಹಾಕಿದ್ರ ಕೇಸು.”

ಅವರು ಮನೆಗೆ ಬಂದರು. ಕೇಸಾಗುತ್ತದೆ ಎಂಬುದರಲ್ಲಿ ಅವರಿಗೆ ಒಳಗೊಳಗೇ ಒಂದು ನೆಮ್ಮದಿಯೂ ಇತ್ತು. ಕೂಲಿಯ ರುಚಿ ನೋಡಿದ ಮೇಲೆ ಬಿಟ್ಟಿಯಾಗಿ ಕೆಸರಿಗೆ ಇಳಿಯಲು ಅವರಲ್ಲಿ ಎಷ್ಟು ಜನ ನಿಜವಾಗಿ ಬರುತ್ತಿದ್ದರೋ ಯಾರಿಗೂ ಗೊತ್ತಿರಲಿಲ್ಲ, ತಿಳಿಯುವುದೂ ಬೇಕಿರಲಿಲ್ಲ.

ತೆರಿಗೆ ಪಟ್ಟಾ ಇದ್ದವನ ಮೇಲೆ. ಎಂದರೆ ಎಲ್ಲರಿಗಿಂತ ಹೆಚ್ಚು ತೆರಿಗೆ ಜಡೆಪ್ಪನ ಮೇಲೆ ಬಿತ್ತು. ಎರಡು ದಿನ ಅವನ ಮುಖ ನೋಡಿ ಊರು ಸಮಾಧಾನ ಪಟ್ಟಿತು. ಮೂರನೆಯ ದಿನ ಅವನು ತನ್ನ ಪಾಲಿನವರನ್ನು ಒಬ್ಬೊಬ್ಬರಾಗಿ ಕರೆಸತೊಡಗಿದ. ಓಬಳೇಶನ ಜೊತೆ ಎಲ್ಲಮ್ಮನೂ ಬಂದು ಗಿರಣಿಯ ಬಾಗಿಲಲ್ಲಿ ನಿಂತಳು.

“ನೋಡಲೇ ಓಬಳೇಶ,” ಎಂದ ಜಡೆಪ್ಪ, ಬಹಳ ಸಮಾಧಾನದಿಂದ. “ನೆಲ ನಂದು, ಅದರ ಕಂದಾಯ ನಾ ಕಟ್ತೀನಿ. ಇದು ನೆಲದ ತೆರಿಗಿ ಅಲ್ಲ, ನೀರಿಂದು. ನೀರು ಕೇಳಾಕ ಹೊಸಪೇಟಿಗೆ ಹೋದಾವ ಯಾರು?”

ಓಬಳೇಶ ತಲೆ ಕೆಳಗೆ ಹಾಕಿದ.

“ಬಾಯಿ ಬಿಡಲೇ. ಯಾರು?”

“ನಾನ್ರಿ.”

“ಹಂಗಾದ್ರ ತೆರಿಗಿ ಯಾರು ಕಟ್ಟಬೇಕು? ಸುಗ್ಗ್ಯಾಗ ನಿನ್ನ ಪಾಲಿನ್ಯಾಗ ಹಿಡಿತೀನಿ. ಬ್ಯಾಡ ಅನ್ನಂಗಿದ್ರ ಗದ್ದಿ ಬಿಡು. ಮೇಸ್ತ್ರಿ ಬಂದ ಮ್ಯಾಲ ಅಲ್ಲಿಗೆ ನೀರು ಖಾತ್ರಿ ಆಗೈತಿ. ಕೊಟ್ರಯ್ಯ ಬಾಳಿ ಹಚ್ಚತೀನಿ, ನನಗ ಕೊಡ್ರಿ ಅಂತ ಕುಂತಾನ.”

ಭತ್ತಕ್ಕೆ ಬೆಲೆ ಇಲ್ಲದ ವರ್ಷದಲ್ಲಿ ನಗದು ತೆರಿಗೆ ಮುರಿದುಕೊಂಡರೆ ಓಬಳೇಶನ ಪಾಲಿಗೆ ಉಳಿಯುವುದು ಹುಲ್ಲು. ಅದು ಜಡೆಪ್ಪನಿಗೂ ಗೊತ್ತಿತ್ತು, ಓಬಳೇಶನಿಗೂ ಗೊತ್ತಿತ್ತು. ಓಬಳೇಶ ಕೈ ಜೋಡಿಸಿದ. “ಹಿಡೀರಿ ಸಾವ್ಕಾರ್ರ. ಗದ್ದಿ ಒಂದು ಬಿಡಸಬ್ಯಾಡ್ರಿ.”

“ಅದಕ್ಕ ನೀ ಶಾಣ್ಯಾ,” ಎಂದ ಜಡೆಪ್ಪ.

ಮನೆ ಬಂದ ಮೇಲೆ ಎಲ್ಲಮ್ಮ ಕೇಳಿದಳು: “ಈ ವರ್ಷ ಕಾಳು ಹೋತು. ಮುಂದಿನ ವರ್ಷ?”

“ಮುಂದಿನ ವರ್ಷ ರೇಟು ಏರತೈತಿ.”

“ಅದಕ್ಕ ಮುಂದಿನ ವರ್ಷ?”

“ಗದ್ದಿ ಇದ್ರ ಏನಾರ ಆಗತೈತಿ ತಗಾ. ನಮ್ಮಪ್ಪ ಕಟ್ಟಿದ ಬದು ಐತಿ ಅಲ್ಲಿ.”

“ನಿಮ್ಮಪ್ಪ ಜಡೆಪ್ಪನ ಗದ್ದಿಗೆ ಬದು ಕಟ್ಟಿದ. ನೀ ಜಡೆಪ್ಪನ ತೆರಿಗಿ ಕಟ್ಟು. ಮನಿತನ ಭಾಳ ದೊಡ್ಡದು.”

ಅವನು ಅವಳನ್ನು ಹೊಡೆಯಲು ಕೈಯೆತ್ತಿದ. ಅವಳು ಸರಿಯಲಿಲ್ಲ. ಕೈ ಇಳಿಯಿತು. ಹೊರಗೆ ಹೋಗಿ ಜಗುಲಿಯಲ್ಲಿ ಮುಸುಕು ಹಾಕಿಕೊಂಡು ಮಲಗಿದ. ಮಧ್ಯಾಹ್ನದ ಬಿಸಿಲಲ್ಲಿ ಮುಸುಕು ಹಾಕಿಕೊಂಡು ಮಲಗಿದ ಗಂಡಸಿಗಿಂತ ಹಾಸ್ಯಾಸ್ಪದವಾದದ್ದು ಕಡಿಮೆ.

ಎದ್ದಾಗ ಎಲ್ಲಮ್ಮ ಮನೆಯಲ್ಲಿರಲಿಲ್ಲ. ಕುಡುಗೋಲೂ ಇರಲಿಲ್ಲ. ಅವನು ಗದ್ದೆಗೆ ಓಡಿದ. ಹಾಲು ತುಂಬುತ್ತಿದ್ದ ಹಸಿ ತೆನೆಯನ್ನು ಅವಳು ಬುಡಕ್ಕೆ ಕೊಯ್ದು ಸಾಲುಸಾಲಾಗಿ ಮಲಗಿಸುತ್ತಾ ಬರುತ್ತಿದ್ದಳು. ಅರ್ಧ ಗದ್ದೆ ಬೋಳಾಗಿತ್ತು. ಅವಳದೇ ಎಮ್ಮೆ ನಡುವೆ ನಿಂತು, ಜೀವಮಾನದಲ್ಲಿ ಕಾಣದ ಮೇವನ್ನು ಕಣ್ಣು ಮುಚ್ಚಿ ಮೇಯುತ್ತಿತ್ತು.

“ಏನ್ ಮಾಡಿದೆಲೇ!”

“ಮೇವು ಮಾಡಿದೆ. ಜಡೆಪ್ಪಗ ಅರ್ಧ, ಸರ್ಕಾರಕ್ಕ ಅರ್ಧ ಕೊಟ್ಟು ಉಳಿಯೋದು ಹುಲ್ಲು ತಾನ? ಹುಲ್ಲ ಆದ್ರ ಹಸೀದ ಇರಲಿ. ದನ ಆದ್ರೂ ಉಣ್ಣಲಿ.”

ಅವನು ಬದುವಿನ ಮೇಲೆ ಕುಸಿದು ಕೂತ. ಅವನ ಗದ್ದೆ ಹೋಯಿತು. ಹೋದದ್ದು ಗಿರಣಿಯ ಬಾಗಿಲಲ್ಲಿ ಕೈ ಜೋಡಿಸಿದಾಗಲೇ. ಕಣ್ಣಿಗೆ ಕಂಡದ್ದು ಈಗ.

ಸುದ್ದಿ ಊರಿಗೆ ಹೋಗಲು ತಡವಾಗಲಿಲ್ಲ. ಜನ ಬಂದರು, ನೋಡಿ ನಕ್ಕರು, ಎಲ್ಲಮ್ಮನಿಗೆ ತಲೆ ಕೆಟ್ಟಿದೆ ಎಂದರು. ಅವಳು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: “ನಗೋದು ಆಮ್ಯಾಲ. ದನ ಹೊಡಕಂಡು ಬರ್ರಿ! ಜಡೆಪ್ಪ ಸಾವ್ಕಾರ್ರ ಗದ್ದ್ಯಾಗ ದನಕ್ಕ ಊಟ ಐತಿ!” ತಲೆ ಕೆಟ್ಟವಳೆಂದವರು ಜಲ್ದಿ ಜಲ್ದಿ ಮನೆಗೆ ಹೋಗಿ ದನ ಬಿಚ್ಚಿಕೊಂಡು ಬಂದರು. ಇಳಿಹೊತ್ತಿಗೆ ಗದ್ದೆಯಲ್ಲಿ ಕೊಂಬಿಗೆ ಕೊಂಬು ತಾಗುತ್ತಿತ್ತು.

ಜಡೆಪ್ಪ ಬಂದ, ಚನ್ನಯ್ಯನನ್ನು ಬೆನ್ನಿಗೆ ಹಾಕಿಕೊಂಡು. ಓಡಿ ಬಂದದ್ದಕ್ಕೆ ಏದುಸಿರು ಹತ್ತಿತ್ತು.

“ನನ್ನ ಪಾಲು! ನನ್ನ ಅರ್ಧ ಪಾಲು ಎಲ್ಲೈತಿ?”

“ನಿಂದು ಆ ಕಡೀದು,” ಎಂದಳು ಎಲ್ಲಮ್ಮ, ದನ ಹೆಚ್ಚಾಗಿದ್ದ ಕಡೆ ತೋರಿಸಿ.

ಜಡೆಪ್ಪ ಚನ್ನಯ್ಯನ ಕಡೆ ತಿರುಗಿದ. “ಬೆಳಿ ಇಲ್ಲ ಅಂದ ಮ್ಯಾಲ ಇದರ ತೆರಿಗಿ ಇಲ್ಲ ಅಲ್ಲೇನು?”

ಚನ್ನಯ್ಯ ಕೋಟಿನ ಗುಂಡಿ ಹಾಕಿಕೊಂಡ. “ನೀರು ಕುಡದೈತಲ್ರಿ. ಪಟ್ಟಾ ನಿಮ್ಮ ಹೆಸರ್ಲೇ ಐತಿ. ಕಟ್ಟಬೇಕಾಗತೈತಿ.” ಅದೇ ಮನೆಯಲ್ಲಿ ಎರಡು ಹೊತ್ತು ಉಂಡ ಬಾಯಿ ಅದನ್ನು ಸಂಕೋಚವಿಲ್ಲದೆ ಹೇಳಿತು.

ಜನ ಹೋ ಎಂದು ನಕ್ಕರು. ಬಹಳ ದಿನದ ಮೇಲೆ ಜಡೆಪ್ಪನನ್ನು ನೋಡಿ ನಗುವ ಅವಕಾಶ ಅದು. ಅವನು ನಗೆ ಮುಗಿಯುವವರೆಗೂ ಕಾದ. ಏದುಸಿರು ಇಳಿದಿತ್ತು. ಒಬ್ಬೊಬ್ಬರ ಮುಖವನ್ನೂ, ಒಬ್ಬೊಬ್ಬರ ದನವನ್ನೂ ನೋಡಿದ.

“ಮೇಯಿಸ್ರಿ, ಮೇಯಿಸ್ರಿ. ನಾ ಕಟ್ತೀನಿ ತೆರಿಗಿ, ಸರ್ಕಾರಕ್ಕ ಬಾಕಿ ಇಡೋ ಮನಿತನ ಅಲ್ಲ ನಮ್ದು. ನಿಮ್ಮ ಭತ್ತ ಅಕ್ಕಿ ಆಗಾಕ ನನ್ನ ಗಿರಣಿಗೇ ಬರಬೇಕಲ್ಲ? ನಾಳಿಂದ ಚೀಲಕ್ಕ ಕೂಲಿ ಏರಿಸೀನಿ. ಮನಿಗೆ ಹೋಗಿ ಹೇಣ್ತೇರಿಗೆ ಹೇಳ್ರಿ.”

ಮೊದಲು ಒಬ್ಬ, ಆಮೇಲೆ ಇನ್ನೊಬ್ಬ, ಎಲ್ಲಮ್ಮನ ಕಡೆ ಕೆಕ್ಕರಿಸಿ ನೋಡಿದರು. ಒಬ್ಬಾತ, “ಈಕಿ ಮಾಡಿದ್ದಕ್ಕ ನಾವ್ಯಾಕ ಕೊಡಬೇಕ್ರೀ?” ಎಂದು ಜಡೆಪ್ಪನನ್ನೇ ಕೇಳಿದ. ಹಾಗೆ ಕೇಳುವಾಗಲೂ ತನ್ನ ಎತ್ತನ್ನು ಅವನು ಗದ್ದೆಯಿಂದ ಆಚೆ ಹೊಡೆಯಲಿಲ್ಲ. ಕೊಡುವುದಂತೂ ಕೊಡಬೇಕು, ಅದು ಹೊಟ್ಟೆ ತುಂಬಾ ಮೇಯಲಿ ಎಂದು ಬಿಟ್ಟಿದ್ದ.

ಮರುದಿನ ಎಮ್ಮೆಯನ್ನು ಪಕ್ಕದೂರು ಮೆಟ್ರಿಯ ತಂಗಿಯ ಮನೆಗೆ ಕಳಿಸಿ, ಎಲ್ಲಮ್ಮ ಪಾತ್ರೆ ಬಟ್ಟೆ ಗಂಟು ಕಟ್ಟಿದಳು. ಸಂಡೂರಿನ ಗುಡ್ಡದಲ್ಲಿ ಅದಿರು ಅಗೆಯುವ ಕೆಲಸ ಸಿಗುತ್ತದೆ ಎಂದು ಕೇಳಿದ್ದಳು. ಅಲ್ಲಿ ಬೇರೆ ರಾಜನ ರಾಜ್ಯ. ಬೇರೆ ರಾಜ ಎಂದರೆ ಕಿತ್ತುಕೊಳ್ಳುವ ಕೈ ಬೇರೆ, ಅಷ್ಟೇ. ಅದು ಅವಳಿಗೂ ಗೊತ್ತಿತ್ತು. ಆದರೆ ಆ ಕೈಗೆ ಓಬಳೇಶನ ಮುಖ ಇನ್ನೂ ಪರಿಚಯವಿರಲಿಲ್ಲ. ಓಬಳೇಶ ಹಿಂದೆ ಹಿಂದೆ ನಡೆದ. ಊರ ಹೊರಗೆ ಬಂದ ಮೇಲೆ ಒಂದೇ ಸಲ ತಿರುಗಿ ನೋಡಿದ. ಕೊಟ್ರಯ್ಯನ ಆಳುಗಳು ಆಗಲೇ ಕೊಯ್ದುಳಿದ ಕೂಳೆ ಕಿತ್ತು ಬಾಳೆಗೆ ಗುಂಡಿ ತೋಡುತ್ತಿದ್ದರು. ಬದು ಒಡೆದಿದ್ದರು, ಬಾಳೆಗೆ ಅಷ್ಟು ಬದು ಬೇಕಾಗುವುದಿಲ್ಲ.

ಹೊಸಪೇಟೆ ದಾಟಿ ಸಂಡೂರಿನ ದಾರಿ ಹಿಡಿದಾಗ ಹಿಂದಿನಿಂದ ಒಂದು ಬರಿದು ಗಾಡಿ ಬಂತು. ಅದಿರು ಇಳಿಸಿ ವಾಪಸು ಹೋಗುತ್ತಿದ್ದ ಗಾಡಿ. ಗಾಡಿಯವನು ಎತ್ತಿನ ಹಗ್ಗ ಜಗ್ಗಿ ನಿಲ್ಲಿಸಿದ.

“ಗುಡ್ಡಕ್ಕ ಹೊಂಟೀರೇನು? ಹತ್ರಿ.”

ಓಬಳೇಶ ಆಗಲೇ ಒಂದು ಕಾಲನ್ನು ಗಾಲಿಯ ನಡುವಿನ ಗುಂಬದ ಮೇಲೆ ಇಟ್ಟಿದ್ದ.

“ನಿಂದರು,” ಎಂದಳು ಎಲ್ಲಮ್ಮ ಗಂಡನಿಗೆ. ಆಮೇಲೆ ಗಾಡಿಯವನಿಗೆ, “ಏನ್ ಕೊಡಬೇಕು? ಅದನ್ನ ಮೊದ್ಲ ಹೇಳು.”

“ಏ, ಏನೂ ಬ್ಯಾಡ ಯವ್ವಾ. ಬರೇ ಗಾಡಿ ಹೊಂಟೈತಿ. ಸುಮ್ನ ಹತ್ರಿ.”

“ಹಂಗಾದ್ರ ಬ್ಯಾಡ,” ಎಂದು ಅವಳು ಗಂಟನ್ನು ತಲೆಗೆ ಏರಿಸಿಕೊಂಡು ನಡೆದಳು. ಓಬಳೇಶ ಗಾಡಿಯವನ ಮುಖ ನೋಡಿದ, ದಾರಿ ನೋಡಿದ, ಕಾಲು ಕೆಳಗಿಳಿಸಿದ.